ರಾತ್ರಿ ಜೊತೆಗೆ ಬರುತ್ತಿದ್ದ ಅಜ್ಜಿ

ಬೆಳಗಿನ ಹೊತ್ತು ಅವರ ಎಡಗೆನ್ನೆಯ ಮೇಲೆ ಚಾಪೆಯ ಅಚ್ಚು ಮೂಡಿರುತ್ತಿತ್ತು. ಕಿವಿಯ ಬುಡದಿಂದ ಬಾಯಿಯ ತುದಿಯವರೆಗೆ ಒಂದರ ಕೆಳಗೊಂದು ಅಡ್ಡಗೆರೆ. ಮೊಣಕೈಯ ಮೇಲೂ ಅದೇ ಗೆರೆ. ಕಾಫಿ ಕುಡಿದು, ನಲ್ಲಿಯಲ್ಲಿ ಬಿಂದಿಗೆ ತುಂಬಿಸಿ, ದೇವರಿಗೆಂದು ಹೂವಿನವಳ ಹತ್ತಿರ ಒಂದು ಸುತ್ತು ಚೌಕಾಸಿ ಮುಗಿಸುವ ಹೊತ್ತಿಗೆ ಅವು ಮಾಯವಾಗುತ್ತಿದ್ದವು. ಅವರ ಸ್ವಂತ ಕೋಣೆಯಲ್ಲಿ ಮಂಚವಿತ್ತು, ಹತ್ತಿಯ ಹಾಸಿಗೆಯಿತ್ತು. ಆದ್ದರಿಂದ ಕೆನ್ನೆಯ ಮೇಲೆ ಗೆರೆಯಿದ್ದರೆ ಅಜ್ಜಿ ಹಿಂದಿನ ರಾತ್ರಿ ಯಾರದೋ ಮನೆಗೆ ಜೊತೆಗೆ ಹೋಗಿದ್ದರು ಎಂದರ್ಥ. "ನೆನ್ನೆ ಯಾರ ಮನೇಲಿದ್ರಿ ಅಜ್ಜಿ?" ಎಂದು ನಲ್ಲಿಯ ಹತ್ತಿರ ಹೆಂಗಸರು ಕೇಳಿದರೆ, "ಇದ್ದೆ ಎಲ್ಲೋ ಒಂದ್ಕಡೆ" ಎನ್ನುತ್ತಿದ್ದರು. ಅದರ ಮೇಲೆ ಒಂದು ಮಾತೂ ಹೊರಡುತ್ತಿರಲಿಲ್ಲ.

ಚಾಮರಾಜಪೇಟೆಯಲ್ಲಿ ನಮ್ಮದು ಮುಖ್ಯರಸ್ತೆಯಿಂದ ಒಳಕ್ಕೆ ಹೋಗುವ ಒಂದು ಅಡ್ಡರಸ್ತೆ. ಒಂದು ತುದಿಯಲ್ಲಿ ಪ್ರೆಸ್ಸು, ಇನ್ನೊಂದು ತುದಿಯಲ್ಲಿ ಹಿಟ್ಟಿನ ಗಿರಣಿ. ನಮ್ಮ ಎದುರುಮನೆಯ ಹಿತ್ತಿಲಿನಲ್ಲಿ ಒಂದೇ ಕೋಣೆಯ ಔಟ್‌ಹೌಸ್ ಇತ್ತು. ಅಜ್ಜಿ ಅಲ್ಲಿ ಬಾಡಿಗೆಗಿದ್ದರು. ಎಲ್ಲರಿಗೂ ಅವರು ಔಟ್‌ಹೌಸ್ ಅಜ್ಜಿ. ಗಂಡ ಅದೇ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದವರು, ನಾನು ಹುಟ್ಟುವುದಕ್ಕೆ ಮುಂಚೆಯೇ ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. ನಮಗೆ ಅವರು ನೆಂಟರೂ ಅಲ್ಲ, ಜಾತಿಯವರೂ ಅಲ್ಲ. ಆದರೂ ನನ್ನ ಬಾಲ್ಯದ ಎಷ್ಟೋ ರಾತ್ರಿಗಳಲ್ಲಿ ನನ್ನ ತಲೆಯಿಂದ ಒಂದು ಮಾರು ದೂರದಲ್ಲಿ ಅವರ ತಲೆ ಇತ್ತು.

ಈ 'ಜೊತೆ' ಎಂಬುದನ್ನು ಈಗಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕಾದೀತು. ನಮ್ಮ ಬೀದಿಯಲ್ಲಿ ಹೆಂಗಸೊಬ್ಬಳು ರಾತ್ರಿ ಒಂಟಿಯಾಗಿ ಮಲಗುವುದೆಂದರೆ ಉಪವಾಸ ಮಲಗಿದಷ್ಟೇ ಅನ್ಯಾಯ. ನನ್ನಪ್ಪ ಸರ್ಕಾರಿ ಲೆಕ್ಕ ತಪಾಸಣೆಯ ಇಲಾಖೆಯಲ್ಲಿದ್ದರು, ತಿಂಗಳಿಗೊಮ್ಮೆಯಾದರೂ ಕ್ಯಾಂಪ್ ಬೀಳುತ್ತಿತ್ತು. ಅವರು ಕಲಾಸಿಪಾಳ್ಯದಲ್ಲಿ ಬಸ್ಸು ಹತ್ತಿ ಸೀಟು ಹಿಡಿಯುವಷ್ಟರಲ್ಲಿ ಇಲ್ಲಿ ಅಜ್ಜಿ ಬಂದು ಚಾಪೆ ಹಾಸಿಯಾಗಿರುತ್ತಿತ್ತು. ಹೊಸದಾಗಿ ಬಂದ ಸೊಸೆ, ಬಾಣಂತಿ, ಸಾವಾದ ಮನೆಯಲ್ಲಿ ಉಳಿದವರು, ಇವರೆಲ್ಲರಿಗೂ ಕೆಲವು ದಿನ ಜೊತೆ ಬೇಕು. ಜೊತೆಗೆ ಬಂದವರು ಮಾಡಬೇಕಾದ ಕೆಲಸ ಏನೂ ಇಲ್ಲ. ಅದೇ ಕೋಣೆಯಲ್ಲಿ ಒಂದು ಮೂಲೆಯಲ್ಲಿ ಮಲಗಿ, ಬೆಳಿಗ್ಗೆ ಎದ್ದು ಹೋದರಾಯಿತು.

ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಹಬ್ಬಗಳಲ್ಲಿ ಅರಿಶಿನ ಕುಂಕುಮಕ್ಕೆ ನಮ್ಮ ಬೀದಿಯಲ್ಲಿ ಯಾರೂ ಅಜ್ಜಿಯನ್ನು ಕರೆಯುತ್ತಿರಲಿಲ್ಲ. ವಿಧವೆಯಾದವರನ್ನು ಕರೆಯುವ ಪದ್ಧತಿಯಿಲ್ಲ ಎಂದು ನನ್ನಮ್ಮ ಹೇಳಿದ್ದಳು. ಹಗಲು ಕರೆಯದ ಅದೇ ಮನೆಗಳು ಸಂಜೆಯಾದರೆ ಅವರ ದಾರಿ ಕಾಯುತ್ತಿದ್ದವು. ಇದರಲ್ಲಿ ನಾಚಿಕೆಪಡುವಂಥದ್ದು ಏನಾದರೂ ಇದೆಯೆಂದು ಆಗ ಯಾರಿಗೂ ತೋಚಿರಲಿಲ್ಲ. ನನಗೂ ತೋಚಿರಲಿಲ್ಲ.

ಜೊತೆಗೆ ಬರುವುದರಲ್ಲಿ ಅವರದೇ ಒಂದು ಕ್ರಮವಿತ್ತು. ಊಟ ತಮ್ಮ ಮನೆಯಲ್ಲೇ ಮುಗಿಸಿ ಬರುತ್ತಿದ್ದರು. ಹೋದ ಮನೆಯಲ್ಲಿ ಒಂದು ಚೊಂಬು ನೀರು ಬಿಟ್ಟು ಇನ್ನೇನೂ ಮುಟ್ಟುತ್ತಿರಲಿಲ್ಲ. ಕಂಕುಳಲ್ಲಿ ಸುತ್ತಿದ ಚಾಪೆ, ಅದರೊಳಗೆ ಎಲವದ ಹತ್ತಿ ತುಂಬಿದ ಒಂದು ಪುಟ್ಟ ದಿಂಬು. ಬರಲೋ ಎಂದು ಕೇಳುವ ಪ್ರಶ್ನೆಯೇ ಇರಲಿಲ್ಲ. ಅಪ್ಪ ಕೈಯಲ್ಲಿ ಚೀಲ ಹಿಡಿದು ಗೇಟು ದಾಟಿದ್ದು ಅವರ ಕಣ್ಣಿಗೆ ಬಿದ್ದರೆ ಸಾಕು, ಸಂಜೆ ಹಾಜರು. "ಬೇಡಿ ಅಜ್ಜಿ, ಯಾಕೆ ಸುಮ್ನೆ ನಿಮಗೆ ತೊಂದ್ರೆ" ಎಂದು ಅಮ್ಮ ಪ್ರತಿ ಸಲವೂ ತಪ್ಪದೆ ಹೇಳುತ್ತಿದ್ದಳು. ಅವಳ ಮಾತು ಮುಗಿಯುವ ಮೊದಲೇ ಚಾಪೆ ಬಿಚ್ಚಿಕೊಂಡಿರುತ್ತಿತ್ತು. ಅಜ್ಜಿ ಬಾರದಿದ್ದರೆ ಅಮ್ಮ ಇಡೀ ರಾತ್ರಿ ಹಂಚಿನ ಸದ್ದು ಕೇಳುತ್ತಾ ಕೂತಿರುತ್ತಿದ್ದಳು ಎಂಬುದು ಇಬ್ಬರಿಗೂ ಗೊತ್ತಿತ್ತು.

ಧೈರ್ಯಕ್ಕೆಂದು ಬಂದವರು ಎಲ್ಲರಿಗಿಂತ ಮೊದಲು ನಿದ್ದೆ ಹೋಗುತ್ತಿದ್ದರು, ಅದೇ ತಮಾಷೆ. ಅವರ ಗೊರಕೆಯೋ, ಪ್ರೆಸ್ಸಿನ ಯಂತ್ರಕ್ಕೆ ಸವಾಲು. ಕಳ್ಳ ಬಂದರೆ ಅವನೇ ಇವರನ್ನು ತಟ್ಟಿ ಎಬ್ಬಿಸಬೇಕು ಎಂದು ಅಪ್ಪ ಛೇಡಿಸುತ್ತಿದ್ದರು. "ಎದ್ದಿರೋಕೆ ನಾನೇನು ಪೊಲೀಸಾ? ನಾನು ಮಲ್ಕೊಂಡ್ರೆ ತಾನೆ ನಿಮ್ಗೆ ನಿದ್ದೆ ಬರೋದು" ಎಂದು ಅಜ್ಜಿ ನಗುತ್ತಿದ್ದರು. ಅದು ನಿಜ. ಆ ಗೊರಕೆ ಶುರುವಾದರೆ ನಮ್ಮ ಭಯವೆಲ್ಲ ನಾಚಿಕೊಂಡು ಎದ್ದು ಹೋಗುತ್ತಿತ್ತು.

ಅವರ ದೊಡ್ಡತನ ಎಂದು ಹೇಳುವುದಾದರೆ ಅದು ಅವರ ಬಾಯಿಯ ಬಿಗಿ. ಬೀದಿಯ ಅಷ್ಟೂ ಮನೆಗಳ ರಾತ್ರಿ ಅವರಿಗೆ ಗೊತ್ತಿತ್ತು. ಯಾವ ಸೊಸೆ ದಿಂಬಿನಲ್ಲಿ ಮುಖ ಹುದುಗಿಸಿ ಅಳುತ್ತಾಳೆ, ಯಾವ ಅತ್ತೆ ಕತ್ತಲಲ್ಲಿ ಎದ್ದು ಡಬ್ಬಿಯಿಂದ ಬೆಲ್ಲ ತಿನ್ನುತ್ತಾಳೆ, ಯಾರ ಮನೆಯಲ್ಲಿ ಗಂಡ ಹೆಂಡತಿ ಮಾತುಬಿಟ್ಟಿದ್ದಾರೆ, ನಡುರಾತ್ರಿ ಎಚ್ಚರವಾದಾಗ ಎಲ್ಲವನ್ನೂ ಕಂಡವರು. ಒಂದು ಮನೆಯ ಮಾತು ಇನ್ನೊಂದು ಮನೆಯ ಹೊಸಿಲು ದಾಟಿದ್ದನ್ನು ಯಾರೂ ಕೇಳಿಲ್ಲ. ಅಮ್ಮ ಒಮ್ಮೆ ಮೂಲೆಮನೆಯ ಹೊಸ ಸೊಸೆಯ ಬಗ್ಗೆ ನಯವಾಗಿ ಬಾಯಿಬಿಡಿಸಲು ನೋಡಿದಳು. ಅಜ್ಜಿ, "ಕಣ್ಮುಚ್ಚಿಕೊಂಡು ಮಲಗಿದ್ದೋಳಿಗೆ ಏನಮ್ಮ ಕಾಣುತ್ತೆ" ಎಂದು ಅಕ್ಕಿ ಆರಿಸುವುದನ್ನು ಮುಂದುವರಿಸಿದರು.

ತೊಂಬತ್ತರ ದಶಕದ ನಡುವಿನಲ್ಲಿ, ನಾನು ಕಾಲೇಜಿನಲ್ಲಿದ್ದಾಗ, ನಮ್ಮ ಮನೆಗೆ ಡೆನ್ಮಾರ್ಕಿನಿಂದ ಒಬ್ಬಳು ಹುಡುಗಿ ಬಂದಳು. ವಿದ್ಯಾರ್ಥಿಗಳನ್ನು ಅದಲುಬದಲು ಮಾಡಿಕೊಳ್ಳುವ ಒಂದು ಯೋಜನೆ. ಅವಳು ಕೆಲವು ತಿಂಗಳು ನಮ್ಮ ಮನೆಯಲ್ಲಿದ್ದು ಇಲ್ಲಿ ಓದಬೇಕು, ಅನಂತರ ನಾನು ಅವಳ ಮನೆಗೆ ಹೋಗಿ ಅಲ್ಲಿ ಓದಬೇಕು. ಅವಳು ಅರ್ಧಕ್ಕೆ ಬೇರೆ ಮನೆಗೆ ಹೋದರೆ ನನ್ನ ಪ್ರಯಾಣವೂ ರದ್ದು. ನಮ್ಮ ಕಡೆಯಿಂದ ಇದನ್ನೆಲ್ಲ ನೋಡಿಕೊಳ್ಳುತ್ತಿದ್ದವರು ಮಲ್ಲೇಶ್ವರದ ಒಬ್ಬ ಮೇಡಂ. ಹುಡುಗಿ ಬರುವುದಕ್ಕೆ ಮುಂಚೆ ಅವರು ಮನೆ ನೋಡಲು ಬಂದರು. "ಅವಳಿಗೆ ಅವಳದೇ ಒಂದು ರೂಮ್ ಬೇಕು. ಅವರಲ್ಲಿ ಎಲ್ಲರೂ ಒಬ್ಬೊಬ್ಬರೇ ಮಲಗೋದು, ಅಭ್ಯಾಸ" ಎಂದು ಒತ್ತಿ ಹೇಳಿದರು. ಅಪ್ಪ ಮುಂದಿನ ಕೋಣೆಗೆ ಸುಣ್ಣ ಹೊಡೆಸಿದರು. ಮಂಚ ಬಂತು, ಮೇಜು ಬಂತು, ಹೊಸ ಪರದೆ ಬಂತು. ಆ ಕೋಣೆಯಲ್ಲಿ ಆಮೇಲೆ ಉಳಿದದ್ದು ಬಾಗಿಲಿನ ಹತ್ತಿರ ಒಂದು ಚಾಪೆಯ ಜಾಗ.

ಹುಡುಗಿ ಎತ್ತರವಾಗಿದ್ದಳು, ಮೆದುವಾಗಿ ಮಾತಾಡುತ್ತಿದ್ದಳು. ಕೊಟ್ಟದ್ದಕ್ಕೆಲ್ಲ ನಗುತ್ತಿದ್ದಳು. ಬಂದ ಹೊಸದರಲ್ಲಿ ಅವಳು ಕಲಿತಿದ್ದ ಕನ್ನಡ 'ಚೆನ್ನಾಗಿದೆ' ಒಂದೇ. ಸಾರು ಚೆನ್ನಾಗಿದೆ, ಸೆಖೆ ಚೆನ್ನಾಗಿದೆ, ಸೊಳ್ಳೆ ಕಚ್ಚಿದ್ದೂ ಚೆನ್ನಾಗಿದೆ. ಊಟದ ತಟ್ಟೆಯಲ್ಲಿ ಮಾತ್ರ ಎಲ್ಲ ಹಾಗೆಯೇ ಉಳಿದಿರುತ್ತಿತ್ತು. ಬಂದು ನಾಲ್ಕಾರು ದಿನವಾಗಿರಬೇಕು, ಅವಳು ರಾತ್ರಿ ಅಳುವುದು ಅಮ್ಮನ ಕಿವಿಗೆ ಬಿತ್ತು.

ಅಮ್ಮ ಬೆಳಿಗ್ಗೆ ಒಲೆಯ ಮುಂದೆ ನಿಂತು, "ಹೆತ್ತೋರನ್ನ ಬಿಟ್ಟು ಅಷ್ಟು ದೂರದಿಂದ ಬಂದಿದೆ. ಒಂಟಿಯಾಗಿ ಮಲಗಿಸಿದೀವಿ ನಾವು, ಮನುಷ್ಯರಾ?" ಎಂದಳು.

"ಮೇಡಂ ಹೇಳಿದ್ರಲ್ಲಮ್ಮ, ಅವಳಿಗೆ ಅವಳದೇ ರೂಮ್ ಇರ್ಬೇಕು ಅಂತ" ಎಂದೆ.

"ಅದು ಸಂಕೋಚಕ್ಕೆ ಹೇಳೋದು ಕಣೆ. ನಮಗೆ ತೊಂದ್ರೆ ಆಗ್ಬಾರ್ದು ಅಂತ. ಯಾರಾದ್ರೂ ಬಾಯಿಬಿಟ್ಟು ನಂಗೆ ಜೊತೆ ಬೇಕು ಅಂತಾರಾ?"

ನನಗೂ ಅದು ಸರಿಯೆಂದೇ ಕಂಡಿತು. ನಮ್ಮಲ್ಲಿ ಯಾರೂ ಹಾಗೆ ಬಾಯಿಬಿಟ್ಟು ಕೇಳಿದ್ದನ್ನು ನಾನು ಕಂಡಿರಲಿಲ್ಲ. ಆ ಹುಡುಗಿಯನ್ನೇ ಇಂಗ್ಲಿಷಿನಲ್ಲಿ ಒಂದು ಮಾತು ಕೇಳಬಹುದಿತ್ತು. ಕೇಳುವುದೇ ಅವಮಾನ ಎಂದುಕೊಂಡೆವು. ಹಸಿದವನನ್ನು ಹಸಿವಾಗಿದೆಯಾ ಎಂದು ಕೇಳುತ್ತಾರೆಯೇ, ಎಲೆ ಹಾಕುತ್ತಾರೆ.

ಅಮ್ಮನಿಂದ ವಿಷಯ ಕೇಳಿ ಆ ಸಂಜೆ ಅಜ್ಜಿ ಬಂದರು. ಹುಡುಗಿಯನ್ನು ನೋಡಿ ನಕ್ಕರು, ಬಾಗಿಲಿಗೆ ಅಡ್ಡವಾಗಿ ಚಾಪೆ ಹಾಸಿದರು, ಮಲಗಿದರು. ಹುಡುಗಿ ನನ್ನ ಮುಖ ನೋಡಿದಳು. "ಅಜ್ಜಿ ಇಲ್ಲಿ ಮಲಗುತ್ತಾರೆ" ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಅವಳು ತನಗೆ ಗೊತ್ತಿದ್ದ ಆ ಒಂದು ಕನ್ನಡ ಮಾತನ್ನು ಹೇಳಿದಳು.

ಅಜ್ಜಿ ದಿನವೂ ಬರತೊಡಗಿದರು. ಅವರ ಮುಖದಲ್ಲಿ ಏನೋ ಸಮಾಧಾನವಿಲ್ಲದ್ದು ನನಗೆ ಕಂಡಿತು. ಒಂದು ಬೆಳಿಗ್ಗೆ ನಾನು ಕೇಳಿದ್ದಕ್ಕೆ, ಯಾವತ್ತೂ ಬಾಯಿಬಿಡದವರು ಅಂದು ಬಿಟ್ಟರು. "ಆ ಮಗು ನಿದ್ದೆ ಮಾಡ್ತಿಲ್ಲ ಕಣೆ. ಉಸಿರು ಬಿಗಿ ಹಿಡ್ಕೊಂಡು ಗೋಡೆ ಕಡೆ ತಿರುಗಿರುತ್ತೆ. ನೆನ್ನೆ ತಲೆ ಸವರಿದೆ. ಕಲ್ಲಾಗ್ಬಿಡ್ತು." ಆಮೇಲೆ ತಾವೇ ಹೇಳಿದರು. "ನಾನು ಈ ಬೀದಿಗೆ ಬಂದಾಗ ಹದಿನೈದು ವರ್ಷ. ಮಾಗಡಿ ಕಡೆ ನಮ್ಮ ಮನೇಲಿ ಮಲಗಿದ್ರೆ ಕಾಲು ಚಾಚೋಕೆ ಜಾಗ ಇರ್ತಿರ್ಲಿಲ್ಲ, ಅಷ್ಟು ಜನ. ಇಲ್ಲಿ ನಮ್ಮ ಯಜಮಾನ್ರಿಗೆ ಪ್ರೆಸ್ಸಲ್ಲಿ ರಾತ್ರಿ ಪಾಳಿ. ಬಾಗಿಲು ಹಾಕ್ಕೊಂಡು ಬೆಳಗಾಗೋವರೆಗೂ ಕೂತಿರ್ತಿದ್ದೆ. ಒಬ್ರೂ ಬರ್ಲಿಲ್ಲ. ಜೊತೆಗೆ ಬನ್ನಿ ಅಂತ ಕೇಳೋಕೆ ನಂಗೆ ನಾಚಿಕೆ." ಹೇಳಿದ ಮೇಲೆ ಹೆಚ್ಚು ಹೇಳಿದೆ ಎನ್ನಿಸಿತೋ ಏನೋ, ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು ಹೋದರು.

ಅದೇ ವಾರ ಹುಡುಗಿ ಮಲ್ಲೇಶ್ವರದ ಮೇಡಂಗೆ ಫೋನ್ ಮಾಡಿದ್ದಳು. ಅದು ನಮಗೆ ತಿಳಿದದ್ದು ಭಾನುವಾರ ಮಧ್ಯಾಹ್ನ, ಮೇಡಂ ಗೇಟು ತೆಗೆದು ಒಳಗೆ ಬಂದಾಗ. ಅಜ್ಜಿ ಅಡುಗೆಮನೆಯ ಬಾಗಿಲಿನಲ್ಲಿ ಅಮ್ಮನಿಗೆ ಅವರೆಕಾಳು ಬಿಡಿಸಿಕೊಡುತ್ತಿದ್ದರು. ಹಾಲ್‌ನಲ್ಲಿ ಅಪ್ಪ, ಅಮ್ಮ, ನಾನು, ಹುಡುಗಿ. ಮೇಡಂ ಕಾಫಿ ಮುಟ್ಟಲಿಲ್ಲ. "ಹುಡುಗಿಗೆ ಇಲ್ಲಿ ಕಷ್ಟ ಆಗ್ತಿದೆ. ಬೇರೆ ಮನೆಗೆ ಕಳಿಸೋದಾ ಅಂತ ಯೋಚನೆ ಮಾಡ್ತಿದೀನಿ. ಮುಚ್ಚುಮರೆ ಬೇಡ, ಅವಳೇ ಹೇಳ್ಲಿ" ಎಂದವರು ನನ್ನ ಕಡೆ ತಿರುಗಿ, "ನೀನು ಅಪ್ಪ ಅಮ್ಮಂಗೆ ಕನ್ನಡದಲ್ಲಿ ಹೇಳಮ್ಮ, ಒಂದು ಮಾತೂ ಬಿಡದೆ" ಎಂದರು.

ಹುಡುಗಿ ತಲೆ ತಗ್ಗಿಸಿಕೊಂಡು ಹೇಳುತ್ತಾ ಹೋದಳು. ನಾನು ಕನ್ನಡಕ್ಕೆ ತರುತ್ತಾ ಹೋದೆ. "ನಾನು ಏನು ತಪ್ಪು ಮಾಡಿದೆ ಎಂದು ನನಗೆ ತಿಳಿಯುತ್ತಿಲ್ಲ. ನಾನು ಕದ್ದು ಹೊರಗೆ ಹೋಗುತ್ತೇನೆ ಎಂದು ನಿಮಗೆ ಅನುಮಾನವೇ? ಬಾಗಿಲಿಗೆ ಅಡ್ಡಲಾಗಿ ಒಬ್ಬರನ್ನು ಕಾವಲಿಗೆ ಮಲಗಿಸಿದ್ದೀರಿ. ಬಚ್ಚಲಿಗೆ ಹೋಗಬೇಕೆಂದರೆ ಅವರನ್ನು ದಾಟಿ ಹೋಗಬೇಕು, ಅದಕ್ಕೆ ನಾನು ಸಂಜೆಯಿಂದ ನೀರು ಕುಡಿಯುವುದಿಲ್ಲ. ನನ್ನ ಮನೆಯ ನೆನಪಾಗಿ ಅಳು ಬರುತ್ತದೆ. ಅಳುವುದಕ್ಕೂ ನನಗೆ ಒಂದು ಜಾಗವಿಲ್ಲ, ಅದನ್ನೂ ಒಬ್ಬರು ಕೇಳಿಸಿಕೊಳ್ಳುತ್ತಾರೆ. ನನಗೆ ತುಂಬಾ ನಾಚಿಕೆಯಾಗುತ್ತದೆ."

ನಾನು ಅನುವಾದವನ್ನು ಸರಿಯಾಗಿಯೇ ಮಾಡಿದೆ. ಈ ಮೂವತ್ತು ವರ್ಷಗಳಲ್ಲಿ ಎಷ್ಟೋ ಸಲ ಆ ಮಾತುಗಳನ್ನು ತಿರುಗಿಸಿ ನೋಡಿದ್ದೇನೆ. ಎಲ್ಲಿಯೂ ಒಂದು ತಪ್ಪು ಸಿಗುವುದಿಲ್ಲ. ಆ ಹುಡುಗಿ ಹೇಳಿದ್ದರಲ್ಲಿಯೂ ತಪ್ಪಿರಲಿಲ್ಲ. ತಪ್ಪು ಯಾರದೂ ಅಲ್ಲದ ನಾಚಿಕೆಯನ್ನು ಎಲ್ಲಿ ಇಳಿಸಬೇಕೋ ತಿಳಿಯದೆ ನಾವೆಲ್ಲ ಹಾಲ್‌ನಲ್ಲಿ ಕುಳಿತಿದ್ದೆವು. ಅಪ್ಪ ಕಿಟಕಿಯ ಕಡೆ ನೋಡುತ್ತಿದ್ದರು. ಅಮ್ಮನ ಕಿವಿಗಳು ಕೆಂಪಗಾಗಿದ್ದವು. ಬಾಯಿಬಿಟ್ಟರೆ ಅತ್ತುಬಿಡುತ್ತಾಳೆ ಎಂದು ನನಗೆ ಗೊತ್ತಾಗುತ್ತಿತ್ತು. ಇವರು ಗೊರಕೆ ಹೊಡೆದು ಮಲಗುವವರು, ಇವರೆಂಥ ಕಾವಲು ಎಂದು ಯಾರಾದರೂ ಒಬ್ಬರು ಹೇಳಿದ್ದರೆ ನಗು ಬಂದು ಎಲ್ಲ ಹಗುರವಾಗುತ್ತಿತ್ತೋ ಏನೋ. ಯಾರ ಬಾಯಿಗೂ ಅದು ಬರಲಿಲ್ಲ.

ಅಜ್ಜಿ ಮಡಿಲಿನ ಸಿಪ್ಪೆಯನ್ನು ಮೊರಕ್ಕೆ ಕೊಡವಿ ಎದ್ದು ಬಂದರು. ಹುಡುಗಿಯ ಎದುರು ನಿಂತರು. ಮನೆಮನೆಯ ಗುಟ್ಟನ್ನು ನುಂಗಿಕೊಂಡು ಬದುಕಿದ್ದ ಹೆಂಗಸು, ಅವರನ್ನು ಗೂಢಚಾರಳೆಂದು ಕರೆದಂತಾಗಿತ್ತು. ಸಿಟ್ಟಿನ ಒಂದು ಗೆರೆಯೂ ಮುಖದಲ್ಲಿರಲಿಲ್ಲ. "ತಪ್ಪಾಯ್ತಮ್ಮ. ಕೇಳ್ಬೇಕಿತ್ತು ನಾನು. ಕೇಳ್ದೆ ಬಂದೆ" ಎಂದರು. ಆಮೇಲೆ ನನ್ನ ಕಡೆ ನೋಡಿ, "ಹೇಳು ಅವಳ್ಗೆ" ಎಂದರು. ನಾನು ಅದನ್ನೂ ಹೇಳಿದೆ. ಹುಡುಗಿ ತಟ್ಟನೆ ಎದ್ದು ನಿಂತಳು, ಕತ್ತಿನವರೆಗೆ ಕೆಂಪಾಗಿದ್ದಳು. ಅವಳು ಏನು ಹೇಳಬೇಕೆಂದು ಹುಡುಕುವಷ್ಟರಲ್ಲಿ ಅಜ್ಜಿ ಹಿತ್ತಿಲ ಬಾಗಿಲಿನಿಂದ ಹೊರಟುಹೋಗಿದ್ದರು. ಚಾಪೆಯನ್ನು ನಾನೇ ತೆಗೆದುಕೊಂಡು ಹೋಗಿ ಕೊಟ್ಟೆ. "ಬಿಸಿಲಿಗೆ ಹಾಕ್ಬೇಕು ಇದನ್ನ" ಎಂದರಷ್ಟೆ.

ಹುಡುಗಿ ಬೇರೆ ಮನೆಗೆ ಹೋಗಲಿಲ್ಲ. ಅಂದಿನಿಂದ ಬಾಗಿಲು ಹಾಕಿಕೊಂಡು ಮಲಗಿದಳು, ಅತ್ತಳು, ನಿದ್ದೆ ಮಾಡಿದಳು, ಹಸಿವು ಬಂತು. ಸ್ವಲ್ಪ ದಿನಕ್ಕೆ ನಮ್ಮಮ್ಮನ ಹಿಂದೆ ಅಡುಗೆಮನೆಯಲ್ಲಿ ಸುತ್ತಾಡತೊಡಗಿದಳು. ಒಂದು ದಿನ ಮಾರುಕಟ್ಟೆಯಿಂದ ಬರುವಾಗ ಬಸ್ಸಿನಲ್ಲಿ ನನ್ನನ್ನು ಕೇಳಿದಳು, ಹಾಗಾದರೆ ಆ ಅಜ್ಜಿ ಯಾಕೆ ಬರುತ್ತಿದ್ದರು ಎಂದು. ನಾನು ಹೇಳಿದೆ. ಅವಳು ನಮ್ಮ ಸ್ಟಾಪಿನಲ್ಲಿ ಇಳಿದಳು. ಇಳಿದವಳು ನೇರ ಔಟ್‌ಹೌಸಿಗೆ ಹೋಗಿ, ಕೈಯಲ್ಲಿದ್ದ ಸೇವಂತಿಗೆಯಷ್ಟನ್ನೂ ಅಜ್ಜಿಯ ಕೈಯಲ್ಲಿಟ್ಟಳು. ಅಜ್ಜಿ ಹೂವನ್ನು ಕಣ್ಣಿಗೊತ್ತಿಕೊಂಡು ದೇವರ ಗೂಡಿಗೆ ಹಾಕಿದರು, ಅವಳಿಗೆ ಬಾಳೆಹಣ್ಣು ಸುಲಿದು ಕೊಟ್ಟರು, ತಿನ್ನುವವರೆಗೂ ಎದುರು ಕುಳಿತಿದ್ದರು. ಇಬ್ಬರ ನಡುವೆ ಯಾವ ಕಹಿಯೂ ಉಳಿಯಲಿಲ್ಲ.

ಆದರೆ ಅಜ್ಜಿ ಆಮೇಲೆ ವರ್ಷಗಟ್ಟಲೆ ಯಾರ ಮನೆಗೂ ಜೊತೆಗೆ ಹೋಗಲಿಲ್ಲ. ಕರೆದರೆ "ಮಂಡಿ ನೋವು ಕಣಮ್ಮ, ಕೆಳಗೆ ಮಲಗೋಕಾಗಲ್ಲ" ಎನ್ನುತ್ತಿದ್ದರು. ಅಪ್ಪ ಕ್ಯಾಂಪಿಗೆ ಹೋದ ದಿನ ಅಮ್ಮ ಸುಮ್ಮಸುಮ್ಮನೆ ಗೇಟಿನ ಹತ್ತಿರ ನಿಲ್ಲುತ್ತಿದ್ದಳು. ಅಜ್ಜಿ ನೋಡಿಯೂ ನೋಡದವರಂತೆ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದರು. ಹೋಗಿ ಕೈಹಿಡಿದು ಕರೆತರಬಹುದಿತ್ತು. ಯಾರೂ ಹಾಗೆ ಮಾಡಲಿಲ್ಲ. ಅಷ್ಟರಲ್ಲಿ ಕಿಟಕಿಗಳಿಗೆ ಗ್ರಿಲ್ ಬಂದಿತ್ತು, ಮನೆಗಳಿಗೆ ಫೋನ್ ಬರುತ್ತಿತ್ತು, ಟಿವಿ ತಡವಾಗಿ ಮಲಗುತ್ತಿತ್ತು. ಬೀದಿಗೆ ಜೊತೆಯ ಅಗತ್ಯವೇ ಕಡಿಮೆಯಾಗಿತ್ತು. ಇದನ್ನು ಬರೆಯುವಾಗಲೂ ನನಗೆ ಕಸಿವಿಸಿಯಾಗುತ್ತದೆ. ಅಜ್ಜಿಗೆ ಅಗತ್ಯವಿತ್ತೇ ಎಂದು ನಮ್ಮಲ್ಲಿ ಒಬ್ಬರೂ ಯೋಚಿಸಲಿಲ್ಲ. ಅಷ್ಟು ವರ್ಷ ಅವರೂ ಒಂಟಿಯಾಗಿ ಮಲಗದೆ ಇದ್ದದ್ದು ನಮ್ಮಿಂದಲೇ ಎಂಬುದು ಕಣ್ಣೆದುರಿಗಿದ್ದೂ ಯಾರಿಗೂ ಕಾಣಲಿಲ್ಲ.

ನನಗೆ ಅದು ಕಂಡದ್ದು ಡೆನ್ಮಾರ್ಕಿನಲ್ಲಿ.

ನಾನು ಹೋದಾಗ ಅಲ್ಲಿ ಚಳಿಗಾಲ. ಮಧ್ಯಾಹ್ನದ ಕಾಫಿ ಕುಡಿದು ಲೋಟ ಇಡುವಷ್ಟರಲ್ಲಿ ಕತ್ತಲು. ಮಾಳಿಗೆಯ ಮೇಲೆ ನನಗೊಂದು ಕೋಣೆ ಕೊಟ್ಟಿದ್ದರು. ಇಷ್ಟು ಅಚ್ಚುಕಟ್ಟಾದ ಕೋಣೆಯಲ್ಲಿ ನಾನು ಹುಟ್ಟಿದಾಗಿನಿಂದ ಮಲಗಿರಲಿಲ್ಲ. ಒಂಟಿಯಾಗಿಯೂ ಮಲಗಿರಲಿಲ್ಲ. ನಾನು ಬಾಗಿಲು ತೆರೆದಿಟ್ಟು ಹಾಸಿಗೆಗೆ ಹೋಗುತ್ತಿದ್ದೆ, ಕೆಳಗೆ ಜನ ಓಡಾಡುವ ಸದ್ದಾದರೂ ಕೇಳಲಿ ಎಂದು. ಆ ಮನೆಯ ತಾಯಿ ಮೆಟ್ಟಿಲು ಹತ್ತಿ ಬಂದು, ನಾನು ಮರೆತಿರಬೇಕೆಂದುಕೊಂಡು, ಸದ್ದಾಗದಂತೆ ಬಾಗಿಲನ್ನು ಎಳೆದು ಹೋಗುತ್ತಿದ್ದರು. ದಿನವೂ ನಾನು ತೆರೆದಿಡುವುದು, ದಿನವೂ ಅವರು ಪ್ರೀತಿಯಿಂದ ಮುಚ್ಚುವುದು. ತೆರೆದಿರಲಿ ಎಂದು ಹೇಳುವುದಕ್ಕೆ ನಾಚಿಕೆ. ಬೆಳೆದ ಹುಡುಗಿ, ವಿಮಾನದಲ್ಲಿ ಸಮುದ್ರ ದಾಟಿ ಬಂದವಳು, ಕತ್ತಲಿಗೆ ಹೆದರುತ್ತೇನೆ ಎಂದು ಯಾವ ಬಾಯಲ್ಲಿ ಹೇಳಲಿ? ಬೆಳಿಗ್ಗೆ ಕಣ್ಣು ಊದಿರುತ್ತಿತ್ತು. ಹೇಗಿದೆ ಎಂದು ಕೇಳಿದರೆ ನಾನೂ ಎಲ್ಲ ಚೆನ್ನಾಗಿದೆ ಎನ್ನುತ್ತಿದ್ದೆ.

ಆ ಹುಡುಗಿಗೆ ಗೊತ್ತಾಯಿತು. ಅವಳಿಗಲ್ಲದೆ ಯಾರಿಗೆ ಗೊತ್ತಾಗಬೇಕು? ಒಂದು ಸಂಜೆ ತನ್ನ ಹೊದಿಕೆ ದಿಂಬು ಹೊತ್ತುಕೊಂಡು ನನ್ನ ಬಾಗಿಲಲ್ಲಿ ನಿಂತು, "ನಾನು ಇಲ್ಲಿ ಮಲಗಲೇ? ನಿನಗೆ ಬೇಕೇ?" ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ, ಮರ್ಯಾದೆಯ ಪ್ರಶ್ನೆ. 'ಹೌದು, ಬೇಕು' ಎಂಬ ಎರಡು ಮಾತು ನನ್ನ ಬಾಯಿಂದ ಹೊರಡಲು ಎಷ್ಟು ಹೊತ್ತಾಯಿತೆಂದರೆ, ಅವಳು ಇನ್ನೇನು ತಿರುಗಿ ಹೊರಡುವುದರಲ್ಲಿದ್ದಳು. ಹೇಳಿದಾಗ ಅವಮಾನದಿಂದ ನನ್ನ ಕಣ್ಣಲ್ಲಿ ನೀರು ಬಂತು. ಅವಳು ನೆಲದ ಮೇಲೆ ಹಾಸಿಕೊಂಡು, "ಗೊರಕೆ ಮಾತ್ರ ನನಗೆ ಅಜ್ಜಿಯ ಹಾಗೆ ಬರುವುದಿಲ್ಲ" ಎಂದಳು. ಅಂದು ನಾನು ನಿದ್ದೆ ಮಾಡಿದೆ.

ಅಜ್ಜಿ ಯಾಕೆ ಯಾರನ್ನೂ ಕೇಳದೆ ಬರುತ್ತಿದ್ದರು ಎಂಬುದು ನನಗೆ ತಿಳಿದದ್ದು ಆಗ. ಕೇಳಿದರೆ ಬೇಕು ಎನ್ನಬೇಕಾಗುತ್ತದೆ. ಆ ಒಂದು ಮಾತಿನ ನಾಚಿಕೆಯಿಂದ ಅವರು ನಮ್ಮ ಬೀದಿಯ ಹೆಂಗಸರನ್ನೆಲ್ಲ ಉಳಿಸಿದ್ದರು. ನನ್ನಮ್ಮ ಇಷ್ಟು ವರ್ಷ 'ಬೇಡಿ, ಬೇಡಿ' ಎಂದು ಧೈರ್ಯವಂತಳಂತೆ ಹೇಳಿಕೊಂಡು ಬಂದದ್ದು ಅವರ ಕೃಪೆಯಿಂದ. ಊರಿಗೆ ಹಿಂತಿರುಗಿದ ಮೇಲೆ ಇದನ್ನು ಅವರಿಗೆ ಹೇಳಬೇಕೆಂದು ಎಷ್ಟೋ ಸಲ ಔಟ್‌ಹೌಸಿಗೆ ಹೋದೆ. ಅಲ್ಲಿಯ ಹಿಮ, ಅಲ್ಲಿಯ ಬ್ರೆಡ್ಡು, ಎಲ್ಲದರ ವರದಿ ಒಪ್ಪಿಸಿದೆ. ಇದೊಂದನ್ನು ಬಿಟ್ಟು.

ಮುಂದೆ ನನಗೆ ಮದುವೆಯಾಯಿತು, ಮಲ್ಲೇಶ್ವರಕ್ಕೆ ಹೋದೆ. ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಹೆರಿಗೆಗೆಂದು ತವರಿಗೆ ಬಂದೆ. ಅಪ್ಪ ನಿವೃತ್ತರಾಗಿದ್ದರು, ಮನೆ ತುಂಬ ಜನ, ಜೊತೆಯ ಕೊರತೆಯೇನೂ ಇರಲಿಲ್ಲ. ಆಸ್ಪತ್ರೆಯಿಂದ ಮಗುವಿನೊಂದಿಗೆ ಬಂದ ದಿನ ಸಂಜೆ ಬಾಗಿಲಲ್ಲಿ ಅಜ್ಜಿ ನಿಂತಿದ್ದರು. ಬೆನ್ನು ಬಾಗಿತ್ತು, ಕಂಕುಳಲ್ಲಿ ಚಾಪೆಯಿತ್ತು. ಹೊಸಿಲಿನ ಆಚೆಯೇ ನಿಂತು, "ಜೊತೆಗೆ ಇರ್ಲೇನೆ ಇವತ್ತು? ಬೇಡ ಅಂದ್ರೆ ಹೋಗ್ತೀನಿ, ಬೇಜಾರಿಲ್ಲ" ಎಂದರು.

ಅವರು ಕೇಳಿದ್ದು ನನ್ನ ಎದೆಗೆ ನಾಟಿತು. ನಮ್ಮ ಹಾಲ್‌ನಲ್ಲಿ ಕಲಿತ ಪಾಠವನ್ನು ಅವರು ಮರೆತಿರಲಿಲ್ಲ. "ಬನ್ನಿ ಅಜ್ಜಿ, ನೀವು ಕೇಳೋದಾ" ಎಂದು ಕೈಹಿಡಿದು ಒಳಗೆ ಕರೆದುಕೊಂಡೆ. ಮಾರನೆಯ ದಿನವೂ ಕೇಳಿದರು. ಬಾಣಂತನ ಮುಗಿಯುವವರೆಗೆ ಪ್ರತಿ ಸಂಜೆ ಹೊಸಿಲ ಆಚೆ ನಿಂತು, ಇರಲೋ ಬೇಡವೋ ಎಂದು ಕೇಳಿಯೇ ಒಳಗೆ ಬಂದರು. ನಾನು ಪ್ರತಿ ಸಂಜೆ ಬನ್ನಿ ಎಂದೆ. ಒಂದು ದಿನವೂ ಆ ಪ್ರಶ್ನೆ ನನಗೆ ರೂಢಿಯಾಗಲಿಲ್ಲ. ಗೊರಕೆ ಮಾತ್ರ ಮೊದಲಿನದೇ, ಮಗುವೂ ಅದನ್ನು ಕೇಳಿಕೊಂಡೇ ಮಲಗುವುದನ್ನು ಕಲಿಯಿತು.

ನಾನು ಮಲ್ಲೇಶ್ವರಕ್ಕೆ ಹಿಂದಿರುಗಲು ಸಿದ್ಧತೆ ನಡೆದಿತ್ತು. ಅಜ್ಜಿ ಎರಡು ದಿನದಿಂದ ಬಂದಿರಲಿಲ್ಲ. ಸಣ್ಣಗೆ ಜ್ವರ ಎಂದು ಎದುರುಮನೆಯವರು ಹೇಳಿದರು. ಅಪ್ಪ ಡಾಕ್ಟರನ್ನು ಕರೆತಂದು ತೋರಿಸಿದರು, ವಯಸ್ಸಾಗಿದೆ, ಮಾತ್ರೆ ಕೊಡಿ ಎಂದರು ಅವರು. ದೀಪ ಹಚ್ಚುವ ಹೊತ್ತಿಗೆ ನಾನು ಗಂಜಿ ತೆಗೆದುಕೊಂಡು ಹೋದೆ. ಅಜ್ಜಿ ಮಂಚದ ಮೇಲೆ ಗೋಡೆಗೆ ಒರಗಿ ಕುಳಿತಿದ್ದರು. ನಾಲ್ಕು ಚಮಚ ಕುಡಿದರು. ಕೈ ಬಿಸಿಯಾಗಿತ್ತು. ಕೋಣೆ ನೋಡಿದೆ, ಮಂಚದ ಪಕ್ಕದಲ್ಲಿ ಒಬ್ಬರು ಮಲಗುವಷ್ಟು ಜಾಗವಿತ್ತು. ನಾನು ಅಲ್ಲಿವರೆಗೆ ಯಾರ ಮನೆಗೂ ಜೊತೆಗೆ ಹೋದವಳಲ್ಲ. ಹೇಗೆ ಹೇಳಬೇಕೆಂದು ತಿಳಿಯದೆ, ನನಗೆ ಗೊತ್ತಿದ್ದ ರೀತಿಯಲ್ಲಿ ಹೇಳಿದೆ.

"ಅಜ್ಜಿ, ಇವತ್ತು ನಾನು ಇಲ್ಲೇ ಮಲ್ಕೊಳ್ಲಾ?"

"ಬೇಡ ಕಣೆ. ಕೂಸು ಬಿಟ್ಟು ಯಾಕೆ ಬರ್ತೀಯ."

"ಕೂಸು ಅಮ್ಮನ ಹತ್ರ ಇರುತ್ತೆ. ನಿಮ್ಗೆ ಜೊತೆ ಬೇಕಾ?"

ಅಜ್ಜಿ ಗಂಜಿಯ ಬಟ್ಟಲನ್ನು ನನ್ನ ಕಡೆ ಸರಿಸಿದರು. "ಬೇಡ, ಹೋಗು. ಯಾಕೆ ಸುಮ್ನೆ ನಿನಗೆ ತೊಂದ್ರೆ" ಎಂದರು.

ನಾನು ಚೊಂಬಿನಲ್ಲಿ ನೀರು ಇಟ್ಟೆ, ಹೊದಿಕೆ ಸರಿಮಾಡಿದೆ, ಮನೆಗೆ ಬಂದೆ. ಬೆಳಿಗ್ಗೆ ಕಾಫಿ ತೆಗೆದುಕೊಂಡು ಹೋದ ಅಮ್ಮ ಲೋಟ ಹಿಡಿದುಕೊಂಡೇ ಹಿಂದಿರುಗಿ ಬಂದಳು.

ಪುಣ್ಯವಂತೆ, ಯಾರಿಗೂ ತೊಂದರೆ ಕೊಡದೆ ಹೋದರು ಎಂದು ಬೀದಿಯ ಹೆಂಗಸರೆಲ್ಲ ಹೇಳಿದರು. ಆ ಮನೆಗಳಲ್ಲಿ ಅಜ್ಜಿ ಮಲಗದ ಒಂದು ಮನೆಯೂ ಇರಲಿಲ್ಲ. ನಾನು ಅಲ್ಲಿ ನಿಲ್ಲಲಾರದೆ ಮಗುವನ್ನು ನೋಡುವ ನೆಪ ಹೇಳಿ ಒಳಗೆ ಬಂದೆ. ನನ್ನಮ್ಮ ಎಷ್ಟೋ ವರ್ಷ ಅಜ್ಜಿಗೆ ಹೇಳಿದ್ದ ಮಾತನ್ನೇ ಅವರು ನನಗೆ ಹೇಳಿದ್ದರು. ಅವರು ಆ ಮಾತನ್ನು ಒಂದು ದಿನವೂ ಕಿವಿಗೆ ಹಾಕಿಕೊಂಡವರಲ್ಲ. ನಾನು ಹಾಕಿಕೊಂಡೆ.